7 ವರ್ಷ ಶಿಕ್ಷೆ, 36 ದಿನಕ್ಕೆ ಮನೆ. ದೊಡ್ಡೋರ ಕೇಸು ಯಾಕೆ ಹಿಂಗೇ ಮುಗಿಯುತ್ತೆ?

ಕೆಂಪುಮಣ್ಣು_ಹೊಸಪೇಟೆ
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಹೊಟ್ಟೆ ಉರೀತು ಅದಕ್ಕೆ ಬರೀತಿದೀನಿ, ಉದ್ದ ಆದ್ರೆ ಬೈಬೇಡಿ. 2025ರ ಮೇ 6ಕ್ಕೆ ಹೈದರಾಬಾದ್ ಸಿಬಿಐ ಕೋರ್ಟು ಓಬಳಾಪುರಂ ಮೈನಿಂಗ್ ಕಂಪನಿಯ ಅಕ್ರಮ ಅದಿರು ಕೇಸಲ್ಲಿ ಬಿಜೆಪಿಯ ಮಾಜಿ ಮಂತ್ರಿ, ಗಂಗಾವತಿ ಶಾಸಕ ಜನಾರ್ದನ ರೆಡ್ಡಿಗೆ 7 ವರ್ಷ ಅಂತ ಹೇಳ್ತು. ನಮ್ಮನೇಲಿ ಅಪ್ಪ ಟಿವಿ ಮುಂದೆ ಕೂತಿದ್ದ, ಚಾ ಆರಿಹೋಯ್ತು, ಕುಡೀಲೇ ಇಲ್ಲ. ಒಂದು ಮಾತೂ ಆಡ್ಲಿಲ್ಲ. ಮಾರನೇ ದಿನ ಹೋಟ್ಲಲ್ಲಿ ಮಾತ್ರ ಎಲ್ರಿಗೂ ಅವನೇ ದುಡ್ಡು ಕೊಟ್ನಂತೆ. ಎರಡು ದಿನಕ್ಕೆ ಶಾಸಕ ಸ್ಥಾನನೂ ಹೋಯ್ತು, ಸರಿ ಇನ್ನಾದ್ರೂ ಅಂತ ಅನ್ಕೊಂಡ್ವಿ. ಜೂನ್ 11ಕ್ಕೆ ತೆಲಂಗಾಣ ಹೈಕೋರ್ಟು ಶಿಕ್ಷೆ ಅಮಾನತಲ್ಲಿಟ್ಟು ಜಾಮೀನು ಕೊಡ್ತು, ಆಮೇಲೆ ಶಾಸಕ ಸ್ಥಾನನೂ ವಾಪಸ್ ಬಂತು. ಲೆಕ್ಕ ಹಾಕಿ, ಕರೆಕ್ಟಾಗಿ 36 ದಿನ. ಎಫ್‌ಐಆರ್ ಆಗಿದ್ದು 2009ರ ಡಿಸೆಂಬರಲ್ಲಿ. ಹದಿನೈದು ವರ್ಷ ಕಾದು ಒಂದು ತಿಂಗಳು ಖುಷಿ ಪಟ್ವಿ ಅಷ್ಟೇ. ನನ್ನ ಪ್ರಶ್ನೆ ಇಷ್ಟೇ, ಇದು ನಮ್ಮಂಥೋರಿಗೂ ಹಿಂಗೇ ಆಗುತ್ತಾ?

ಬಾಡಿಗೆಮನೆ_ವಿಜಯನಗರ
ಆಗಲ್ಲ. ಮುಗೀತು, ಥ್ರೆಡ್ ಕ್ಲೋಸ್ ಮಾಡಿ 😂

ಕರಿಕೋಟು
ನಾನು ವಕೀಲ, ಸಿವಿಲ್ ಜಾಸ್ತಿ ಮಾಡೋದು, ಕ್ರಿಮಿನಲ್ ಕಮ್ಮಿ. ಆದ್ರೂ ಹೇಳ್ತೀನಿ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟ ಮೇಲೆ ಅಪೀಲು ಹಾಕ್ತಾರೆ, ಅಪೀಲು ಮುಗಿಯೋ ತನಕ ಶಿಕ್ಷೆ ಅಮಾನತಲ್ಲಿಡಿ ಅಂತ ಕೇಳೋದು ಎಲ್ರಿಗೂ ಇರೋ ಹಕ್ಕು, ಇದು ರೆಡ್ಡಿಗೆ ಅಂತ ಮಾಡಿದ ಕಾನೂನಲ್ಲ. ಅವರು 2011ರ ಸೆಪ್ಟೆಂಬರ್‌ನಿಂದ 2015ರ ಜನವರಿ ತನಕ ವಿಚಾರಣಾಧೀನ ಕೈದಿಯಾಗಿ ಒಳಗಿದ್ರು, ಅಂದ್ರೆ ಏಳರಲ್ಲಿ ಮೂರು ವರ್ಷದ ಮೇಲೆ ಆಗ್ಲೇ ಕಳೆದಿದೆ. ಅಪೀಲು ಮುಗಿಯೋಕೆ ಎಷ್ಟು ವರ್ಷನೋ, ಅಷ್ಟರಲ್ಲಿ ಇರೋ ಶಿಕ್ಷೆನೇ ಮುಗಿದು ಹೋದ್ರೆ ಆಮೇಲೆ ನಿರಪರಾಧಿ ಅಂತ ಬಂದ್ರೆ ಕಳೆದ ವರ್ಷ ಯಾರು ವಾಪಸ್ ಕೊಡ್ತಾರೆ, ಅದು ಕೋರ್ಟಿನ ಯೋಚನೆ. ಯೋಚನೆ ತಪ್ಪಲ್ಲ. ತಪ್ಪಿರೋದು ‘ಅಪೀಲು ಮುಗಿಯೋಕೆ ಎಷ್ಟು ವರ್ಷನೋ’ ಅನ್ನೋ ಆ ಒಂದು ಮಾತಲ್ಲಿ.

ಪೇಡೆನಗರ
ಕರಿಕೋಟು ಸರ್ ಹೇಳೋದು ಖರೇ, ಆದ್ರ ಅದು ಅರ್ಧ ಕತಿ ರೀ. 15 ವರ್ಷ ಯಾಕ ಹಿಡೀತು ಅದನ್ನ ಹೇಳ್ರಿ. ನಮ್ಮ ಧಾರವಾಡದ ಹಿರೇಮಠ ಅಜ್ಜಾರು, ಸಮಾಜ ಪರಿವರ್ತನ ಸಮುದಾಯದವರು, 2009ರಾಗ ಸುಪ್ರೀಂ ಕೋರ್ಟಿಗೆ ಹೋಗಿ ಕೇಸ್ ಹಾಕಿದ್ರು. 2011ರ ಜುಲೈದಾಗ ಬಳ್ಳಾರಿ ಗಣಿಗಾರಿಕಿಗೇ ಸುಪ್ರೀಂ ಕೋರ್ಟು ಬ್ಯಾನ್ ಹಾಕ್ತು. ಅಂದ್ರ ಎರಡು ವರ್ಷದಾಗ ಗುಡ್ಡ ಅಗಿಯೋದು ನಿಲ್ಲಿಸ್ಲಿಕ್ಕೆ ಆತು, ಅಗದವ್ರನ್ನ ವಿಚಾರಣಿ ಮಾಡ್ಲಿಕ್ಕೆ ಹದಿನೈದು ವರ್ಷ ಬೇಕಾತು. ಮಿಷನ್ ನಿಲ್ಲಿಸಬಹುದು, ಮನಷ್ಯಾನ್ನ ನಿಲ್ಲಸಾಕ ಆಗಂಗಿಲ್ಲ ಅಂದಂಗಾತು.

ಕರಿಕೋಟು
@ಪೇಡೆನಗರ ಒಳ್ಳೆ ಪ್ರಶ್ನೆ. ಎಳೆಯೋದು ಹೆಂಗೆ ಅಂದ್ರೆ, ಚಾರ್ಜ್‌ಶೀಟ್ ಆದ್ಮೇಲೆ ಪ್ರತಿಯೊಬ್ಬ ಆರೋಪಿನೂ ‘ನನ್ನ ಹೆಸ್ರು ಕೈಬಿಡಿ’ ಅಂತ ಒಂದು ಅರ್ಜಿ ಹಾಕ್ತಾನೆ, ಅದು ವಜಾ ಆದ್ರೆ ಹೈಕೋರ್ಟು, ಅಲ್ಲೂ ಆಗ್ಲಿಲ್ಲ ಅಂದ್ರೆ ಸುಪ್ರೀಂ ಕೋರ್ಟು. ಒಬ್ಬ ಸ್ಟೇ ತಂದ್ರೆ ಉಳಿದವರ ವಿಚಾರಣೆನೂ ಕುಂಟುತ್ತೆ. ಅದರ ಮೇಲೆ ಸರ್ಕಾರಿ ನೌಕರರು ಇದ್ರೆ ಪ್ರಾಸಿಕ್ಯೂಷನ್‌ಗೆ ಅನುಮತಿ ಬೇಕು, ಅನುಮತಿ ಕೊಡ್ಬೇಕಾದ ಸರ್ಕಾರ ಫೈಲ್ ಮೇಲೆ ಕೂರುತ್ತೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಅಂತ ಸೇರಿಸಿದ ಮೇಲೆ ತನಿಖೆ ಶುರು ಮಾಡೋಕೂ ಅನುಮತಿ ಬೇಕಾಯ್ತು. ಈ ಓಬಳಾಪುರಂ ಕೇಸಲ್ಲೇ 2022ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟು ನೊಂದ್ಕೊಂಡು, ಇಷ್ಟು ವರ್ಷ ಆದ್ರೂ ವಿಚಾರಣೆನೇ ಶುರುವಾಗಿಲ್ವಾ, ದಿನಾ ನಡೆಸಿ ಆರು ತಿಂಗಳಲ್ಲಿ ಮುಗಿಸಿ ಅಂತ ಹೇಳ್ತು. ತೀರ್ಪು ಬಂದಿದ್ದು 2025ರ ಮೇನಲ್ಲಿ. ಸುಪ್ರೀಂ ಕೋರ್ಟಿನ ಆರು ತಿಂಗಳು ಅಂದ್ರೆ ಎರಡೂವರೆ ವರ್ಷ ಅಂತ ನಾವು ಬಾರ್‌ನಲ್ಲಿ ತಮಾಷೆ ಮಾಡ್ತೀವಿ. (ಬಾರ್ ಅಸೋಸಿಯೇಷನ್ ಬಾರ್, ಇನ್ನೊಂದಲ್ಲ.)

ಬಾಡಿಗೆಮನೆ_ವಿಜಯನಗರ
ಇನ್ನೊಂದ್ ಬಾರಲ್ಲಿ ನಾವೂ ಅದೇ ಮಾತಾಡೋದು ಸಾರ್

ಕಬ್ಬಿನಗದ್ದೆ
ಬರೀ ಬಿಜೆಪಿಯೋರ್ದೇ ಹೇಳ್ತಾ ಇದೀರಲ್ಲ, ಕಾಂಗ್ರೆಸ್ಸೋರು ಸಾಚಾಗಳಾ? 2010ರಲ್ಲಿ ಸಿದ್ದರಾಮಯ್ಯ ಬೆಂಗಳೂರಿಂದ ಬಳ್ಳಾರಿಗೆ 320 ಕಿಲೋಮೀಟ್ರು ಪಾದಯಾತ್ರೆ ಮಾಡಿದ್ರು, ತೊಡೆ ತಟ್ಟಿದ್ರು, 2013ರಲ್ಲಿ ಸಿಎಂ ಆದ್ರು, ಆಮೇಲೆ ಏನಾಯ್ತು? 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಹೊಸದು ಮಾಡಿ ಲೋಕಾಯುಕ್ತ ಪೊಲೀಸ್ ಅಧಿಕಾರನೇ ಕಿತ್ಕೊಂಡ್ರು. ಯಾವ ಲೋಕಾಯುಕ್ತ ರಿಪೋರ್ಟ್ ಹಿಡ್ಕಂಡು ನಡೆದ್ರೋ ಅದೇ ಲೋಕಾಯುಕ್ತದ ಹಲ್ಲು ಕಿತ್ರು.

ಕಡಲತಡಿ
ಕಬ್ಬಿನಗದ್ದೆಯವರು ಹೇಳಿದ್ದು ಸರಿ ಉಂಟು, ಆದ್ರೆ ಪೂರ್ತಿ ಹೇಳಿ. ಆ ಎಸಿಬಿಯನ್ನ ಮಧ್ಯದಲ್ಲಿ ಬಂದ ಕುಮಾರಸ್ವಾಮಿನೂ ತೆಗೀಲಿಲ್ಲ, ಯಡಿಯೂರಪ್ಪನೂ ತೆಗೀಲಿಲ್ಲ, ಬೊಮ್ಮಾಯಿನೂ ತೆಗೀಲಿಲ್ಲ. ಎಲ್ಲರಿಗೂ ಬೇಕಾದ್ದೇ ಆಗಿತ್ತು ಅದು. ಕಡೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ರದ್ದು ಮಾಡ್ಬೇಕಾಯ್ತು. ಆರು ವರ್ಷ ಮೂರೂ ಪಕ್ಷದವರು ಒಂದೇ ಹೊದಿಕೆ ಹೊದ್ದು ಮಲಗಿದ್ರು ಮಾರಾಯ್ರೆ.

ನಾನು ಅಂಕೋಲೆ ಕಡೆಯವ. ನಮ್ಮ ಬೇಲೇಕೇರಿ ಬಂದರು ಗೊತ್ತುಂಟಲ್ಲ, ಅದನ್ನ ಯಾಕೆ ಯಾರೂ ಹೇಳಲ್ಲ? 2010ರಲ್ಲಿ ಅರಣ್ಯ ಇಲಾಖೆಯವರು ಅಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿ ಇಟ್ರು. ಜಪ್ತಿ ಮಾಡಿದ ಅದಿರೇ ಹಡಗು ಹತ್ತಿ ಹೋಯ್ತು! ಮನೆ ಮುಂದೆ ನಿಲ್ಲಿಸಿದ ಸೈಕಲ್ ಅಲ್ಲ ಅದು ಕದ್ದು ಹೋಗ್ಲಿಕ್ಕೆ, ಬೆಟ್ಟದ ಹಾಗೆ ರಾಶಿ ಬಿದ್ದಿತ್ತು, ರಸ್ತೆಯಿಂದ ಕಾಣ್ತಿತ್ತು. ಹಿಡಿದ ಅಧಿಕಾರಿಯನ್ನೇ ಸಸ್ಪೆಂಡ್ ಮಾಡ್ಲಿಕ್ಕೆ ಹೊರಟ್ರು ಅಂತ ಸಂತೋಷ್ ಹೆಗ್ಡೆಯವರು ಲೋಕಾಯುಕ್ತಕ್ಕೆ ರಾಜೀನಾಮೆ ಬಿಸಾಕಿದ್ದು ಅದೇ ವರ್ಷ ಜೂನ್‌ನಲ್ಲಿ, ಆಮೇಲೆ ಅಡ್ವಾಣಿಯವರು ಹೇಳಿ ವಾಪಸ್ ತೆಗೊಂಡ್ರು. ಆ ಕೇಸಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್‌ಗೆ 2024ರ ಅಕ್ಟೋಬರ್‌ನಲ್ಲಿ 7 ವರ್ಷ ಶಿಕ್ಷೆ ಆಯ್ತು. ನವೆಂಬರ್‌ನಲ್ಲಿ ಹೈಕೋರ್ಟು ಶಿಕ್ಷೆ ಅಮಾನತು ಮಾಡ್ತು. ಆ ಪಕ್ಷ ಈ ಪಕ್ಷ ಅಂತ ಇಲ್ಲ, ಟೈಮ್‌ಟೇಬಲ್ ಮಾತ್ರ ಒಂದೇ.

ಗಂಗಾವತಿ_ಭತ್ತ
ಎಲ್ರೂ ನಮ್ಮೂರಿನ ಶಾಸಕರನ್ನ ಬೈತಿದೀರಿ ಅಂತ ಬಂದೆ. ಹೌದು ನಾನೂ ಅವ್ರಿಗೇ ಹಾಕೀನಿ, ಫುಟ್‌ಬಾಲ್ ಗುರ್ತಿಗೆ, ಏನೀಗ? ಆವಾಗ ಶಿಕ್ಷೆ ಆಗಿರ್ಲಿಲ್ಲ, ಬರೀ ಆರೋಪ ಇತ್ತು. ಕೇಸಿಲ್ದ ಕ್ಯಾಂಡಿಡೇಟ್ ತೋರ್ಸ್ರಿ ಮೊದ್ಲು. ಇಪ್ಪತ್ ವರ್ಷ ನೋಡೀವಿ, ಒಂದ್ಸಲ ಇವ್ರು, ಒಂದ್ಸಲ ಅವ್ರು, ಅಂಜನಾದ್ರಿಗೆ ಹೋಗೋ ರಸ್ತೆ ಹಂಗೇ ಇತ್ತು. ಇವ್ರು ಬಂದ್ರು, ಮನೆ ಮಾಡಿದ್ರು, ಕೇಳಿದ್ದಕ್ಕೆ ಆಗ್ಲಿ ಅಂದ್ರು. ಹೊಟ್ಟೆಗೆ ಬೇಕಾದ್ದು ಕೇಳ್ತೀವಿ ನಾವು, ಬಳ್ಳಾರಿ ಗುಡ್ಡದ ಲೆಕ್ಕ ಕೋರ್ಟ್ ನೋಡ್ಕೊಳ್ಳಿ.

ಕೆಂಪುಮಣ್ಣು_ಹೊಸಪೇಟೆ
@ಗಂಗಾವತಿ_ಭತ್ತ ಅಣ್ಣ ನಿಮ್ ಮೇಲೆ ಸಿಟ್ಟಿಲ್ಲ. ಆದ್ರೆ ಆ ‘ಲೆಕ್ಕ’ ನೋಡ್ರಿ ಒಂದ್ಸಲ. ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂತಲ್ಲ, ಅದ್ರಲ್ಲಿ ಖಜಾನೆಗೆ ಆದ ನಷ್ಟ 16,085 ಕೋಟಿ ಅಂತ ಬರ್ದಾರೆ. ಅದರಲ್ಲಿ ಯು.ವಿ. ಸಿಂಗ್ ಅನ್ನೋ ಅರಣ್ಯಾಧಿಕಾರಿ ಟೀಮು ‘ಝೀರೋ ರಿಸ್ಕ್ ಸಿಸ್ಟಮ್’ ಅಂತ ಒಂದು ವಿಷ್ಯ ಹೊರಗೆ ತಂದಿತ್ತು, ಅಂದ್ರೆ ಗಣಿಯಿಂದ ಬಂದರಿನ ತನಕ ಪರ್ಮಿಟ್ ಇಲ್ದೆ ಲಾರಿ ಹೋಗ್ಬೇಕಾದ್ರೆ ದಾರಿಲಿ ಯಾರೂ ಮುಟ್ಟಲ್ಲ ಅನ್ನೋ ಗ್ಯಾರಂಟಿ, ಅದಕ್ಕೆ ಮಾಲ್‌ನಲ್ಲಿ ಪಾಲು. ಆಂಧ್ರ ಗಡಿಲಿ ಗಡಿ ಕಲ್ಲೇ ಕಿತ್ತಾಕಿದ್ರು, ಸುಗ್ಗಲಮ್ಮನ ಗುಡಿ ಇತ್ತಲ್ಲ ಹಳೇದು, ಅದನ್ನೇ ಸಿಡಿಮದ್ದು ಇಟ್ಟು ಹಾರಿಸಿದ್ರು. ದೇವ್ರಿಗೇ ಸ್ಟೇ ಸಿಗ್ಲಿಲ್ಲ.

ನಾನಾವಾಗ ಹೈಸ್ಕೂಲು. ಸಂಡೂರು ರೋಡಲ್ಲಿ ಲಾರಿ ಸಾಲು ಅಂದ್ರೆ ಸಾಲು, ರಸ್ತೆ ದಾಟೋಕೆ ಅರ್ಧ ಗಂಟೆ ನಿಲ್ಬೇಕು, ಬಿಳಿ ಯೂನಿಫಾರ್ಮು ಮನೆಗೆ ಬರೋಷ್ಟೊತ್ತಿಗೆ ಇಟ್ಟಿಗೆ ಬಣ್ಣ. ಅವ್ವ ಎಷ್ಟು ಒಗುದ್ರೂ ಹೋಗ್ತಿರ್ಲಿಲ್ಲ, ಕಡೀಗೆ ಟೀಚರೇ ಬೈಯೋದು ಬಿಟ್ರು, ಅವ್ರ ಸೀರೇನೂ ಅದೇ ಬಣ್ಣ. ಹತ್ತಿ, ಮೆಣಸಿನ ಗಿಡ ಎಲ್ಲ ಕೆಂಪಡರಿ ಹೋಗ್ತಿತ್ತು. ಒಂದಷ್ಟು ಜನ ಹೊಲನೇ ಲೋಡಿಂಗ್ ಪ್ಲಾಟಿಗೆ ಕೊಟ್ಟು ದುಡ್ಡು ನೋಡಿದ್ರು ಅದೂ ಹೌದು, ಸುಳ್ಳು ಹೇಳಲ್ಲ.

ಮೈಸೂರು_ಮಲ್ಲಿಗೆಹೂ
ಓದಿ ಬೇಜಾರಾಯ್ತು. ಆದ್ರೆ ಒಂದ್ ಮಾತು, ಗಂಗಾವತಿಯವ್ರು ಗೆಲ್ಸಿದ್ರು ಅಂತ ಜನಾನೇ ಹಿಂಗೆ ಅನ್ಬೇಡಿ. ಅದೇ 2023ರ ಎಲೆಕ್ಷನ್ನಲ್ಲಿ ಬಳ್ಳಾರಿ ಸಿಟಿಲಿ ಜನಾರ್ದನ ರೆಡ್ಡಿ ಹೆಂಡ್ತಿ ಅವರು ಕಟ್ಟಿದ ಹೊಸ ಪಾರ್ಟಿಯಿಂದ, ಅವರ ಸೋದರ ಸೋಮಶೇಖರ ರೆಡ್ಡಿ ಬಿಜೆಪಿಯಿಂದ, ಇಬ್ರೂ ನಿಂತಿದ್ರು, ಇಬ್ರೂ ಸೋತ್ರು. ಧೂಳು ಕುಡಿದೋರಿಗೆ ನೆನಪಿರತ್ತೆ ಅಂತಾಯ್ತಲ್ಲ.

ಕಬ್ಬಿನಗದ್ದೆ
ಗೆದ್ದಿದ್ದೂ ರೆಡ್ಡಿನೇ ಕಣಮ್ಮ, ಕಾಂಗ್ರೆಸ್ಸಿನ ಬೇರೆ ರೆಡ್ಡಿ 😄

ಬಾಡಿಗೆಮನೆ_ವಿಜಯನಗರ
ನಂಗೆ ನೆನಪಿರೋದು 2016ರ ನವೆಂಬರ್. ನೋಟ್ ಬ್ಯಾನ್ ಆಗಿ ವಾರ ಆಗಿತ್ತು, ನಾನು ಎರಡು ಸಾವಿರಕ್ಕೆ ಎಟಿಎಂ ಮುಂದೆ ಬೆಳಗ್ಗೆ ಆರಕ್ಕೆ ಹೋಗಿ ನಿಂತಿದ್ದೆ. ಅರಮನೆ ಮೈದಾನದಲ್ಲಿ ಜನಾರ್ದನ ರೆಡ್ಡಿ ಮಗಳ ಮದ್ವೆ, ಎಲ್‌ಸಿಡಿ ಸ್ಕ್ರೀನ್ ಇರೋ ಇನ್ವಿಟೇಷನ್ನು, ಪೇಪರ್‌ನೋರು 500 ಕೋಟಿ ಮದ್ವೆ ಅಂತ ಬರೆದ್ರು, ಎಷ್ಟೋ ಏನೋ ಆ ದೇವ್ರಿಗೇ ಗೊತ್ತು. ಜಾಮೀನಲ್ಲಿರೋ ಮನುಷ್ಯ. ನನ್ ಮುಂದೆ ನಿಂತಿದ್ದ ಅಜ್ಜ ‘ನೋಟು ಬಡವ್ರಿಗೆ ಮಾತ್ರ ಬ್ಯಾನಾಗಿರೋದು ಕಣಪ್ಪ’ ಅಂದ. ಆಮೇಲೆ ಮಷಿನ್ನಲ್ಲಿ ದುಡ್ಡೂ ಖಾಲಿ.

ಪೇಡೆನಗರ
ಜಾಮೀನು ಅಂದಕೂಡ್ಲೆ ನೆನಪಾತು. 2012ರಾಗ ಇವ್ರಿಗೆ ಹೈದರಾಬಾದ್ ಸಿಬಿಐ ಕೋರ್ಟಿನ್ಯಾಗ ಜಾಮೀನು ಸಿಕ್ಕಿತ್ತು ಒಮ್ಮೆ, ನೆನಪೈತೇನು? ಆ ಜಾಮೀನಿಗೆ ರೊಕ್ಕ ತಗೊಂಡಾರ ಅನ್ನೋ ಆರೋಪದ ಮ್ಯಾಲೆ ಜಡ್ಜ್ ಸಾಹೇಬ್ರೇ ಸಸ್ಪೆಂಡ್ ಆದ್ರು, ಅರೆಸ್ಟೂ ಆದ್ರು. ಕೇಸಿನ ಮ್ಯಾಲೆ ಕೇಸು. ಬೇಲಿನೇ ಎದ್ದು ಹೊಲ ಮೇಯ್ದ್ರ ಯಾರಿಗೆ ಹೇಳೂಣ್ರೀ.

ಕರಿಕೋಟು
ಅದು ಆರೋಪ, ಜಾಗ್ರತೆಯಾಗಿ ಬರೀರಿ. ಇನ್ನೊಂದು, ಇಲ್ಲಿ ಎಲ್ರೂ ‘ತಪ್ಪಿಸ್ಕೊಂಡ್ರು’ ಅಂತ ಒಂದೇ ಪದ ಹಾಕ್ತಿದೀರಿ, ಅದ್ರಲ್ಲಿ ನಾಲ್ಕೈದು ಥರ ಇದೆ. ಖುಲಾಸೆ ಆಗೋದು ಬೇರೆ, ಉದಾಹರಣೆಗೆ ಯಡಿಯೂರಪ್ಪನವರ ಟ್ರಸ್ಟಿಗೆ ಗಣಿ ಕಂಪನಿ ದುಡ್ಡು ಬಂದ ಕೇಸಲ್ಲಿ 2016ರ ಅಕ್ಟೋಬರಲ್ಲಿ ಸಿಬಿಐ ಕೋರ್ಟೇ ಖುಲಾಸೆ ಮಾಡ್ತು, ಇಷ್ಟ ಇರ್ಲಿ ಬಿಡ್ಲಿ ಅದನ್ನ ಒಪ್ಕೋಬೇಕು. ಶಿಕ್ಷೆ ಅಮಾನತು ಆಗೋದು ಬೇರೆ, ಅಲ್ಲಿ ಅಪರಾಧಿ ಅನ್ನೋ ತೀರ್ಪು ಇನ್ನೂ ಹಂಗೇ ಇರುತ್ತೆ. ಸರ್ಕಾರನೇ ಕೇಸ್ ವಾಪಸ್ ತಗೊಳ್ಳೋದಿದೆಯಲ್ಲ, ನಿಜವಾಗ್ಲೂ ಸಿಟ್ಟು ಬರಬೇಕಾದ್ದು ಅದಕ್ಕೆ, ಯಾಕಂದ್ರೆ ಅಲ್ಲಿ ಸಾಕ್ಷಿ ಇಲ್ಲ, ವಾದ ಇಲ್ಲ, ಸಚಿವ ಸಂಪುಟದಲ್ಲಿ ಒಂದು ತೀರ್ಮಾನ, ಅದಕ್ಕೆ ಕೋರ್ಟಿನ ಒಂದು ಒಪ್ಪಿಗೆ ಅಷ್ಟೇ. 2020ರಲ್ಲಿ ಬಿಜೆಪಿ ಸರ್ಕಾರ ಮಂತ್ರಿಗಳ ಮೇಲಿದ್ದಿದ್ದೂ ಸೇರಿ 61 ಕೇಸು ಹಿಂತೆಗೆಯೋಕೆ ಹೊರಟಿತ್ತು, ಹೈಕೋರ್ಟು ತಡೀತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ಹುಬ್ಬಳ್ಳಿ ಗಲಭೆ ಕೇಸೂ ಸೇರಿ 43 ಅಂತು, ಅದನ್ನೂ ಹೈಕೋರ್ಟೇ ರದ್ದು ಮಾಡ್ತು. 2021ರಿಂದ ಶಾಸಕ ಸಂಸದರ ಮೇಲಿನ ಕೇಸು ಹೈಕೋರ್ಟ್ ಒಪ್ಪಿಗೆ ಇಲ್ದೆ ವಾಪಸ್ ತಗೊಳ್ಳೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿರೋದು ಇದಕ್ಕೇ.

ಮೈಸೂರು_ಮಲ್ಲಿಗೆಹೂ
ಹಾಗಾದ್ರೆ ನಮ್ ಕೋರ್ಟ್‌ಗಳೇ ವಾಸಿ ಅಂತೀರಾ? ಜಯಲಲಿತಾ ಅಕ್ರಮ ಆಸ್ತಿ ಕೇಸ್ ನೋಡಿ. ತಮಿಳುನಾಡಲ್ಲಿ ನ್ಯಾಯ ಸಿಗಲ್ಲ ಅಂತ 2003ರಲ್ಲಿ ನಮ್ಮ ಬೆಂಗಳೂರಿಗೆ ಕಳಿಸಿದ್ರು. 2014ರ ಸೆಪ್ಟೆಂಬರಲ್ಲಿ ಪರಪ್ಪನ ಅಗ್ರಹಾರದಲ್ಲೇ ಕೋರ್ಟ್ ಕೂರಿಸಿ ಜಡ್ಜ್ ಕುನ್ಹಾ ಅವರು 4 ವರ್ಷ ಶಿಕ್ಷೆ, 100 ಕೋಟಿ ದಂಡ ಅಂದ್ರು. ಮುಖ್ಯಮಂತ್ರಿ ಕುರ್ಚಿಲಿದ್ದೋರು ಸೀದಾ ಜೈಲಿಗೆ! ಎಂಟು ತಿಂಗ್ಳಿಗೆ ಹೈಕೋರ್ಟಲ್ಲಿ ಖುಲಾಸೆ. ಆ ತೀರ್ಪಲ್ಲಿ ಸಾಲದ ಲೆಕ್ಕ ಕೂಡಿದ್ರೆ ಹತ್ತೂವರೆ ಕೋಟಿ ಚಿಲ್ರೆ ಬರೋ ಕಡೆ 24 ಕೋಟಿ ಅಂತ ಬರೆದಿತ್ತು. ನಮ್ಮತ್ತೆ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಪೇಪರ್ ಹಿಡ್ಕೊಂಡು ಪೆನ್ನಲ್ಲಿ ಕೂಡಿ ಕೂಡಿ ನೋಡಿದ್ರು, ನಮ್ ಸ್ಕೂಲಲ್ಲಿ ಆಗಿದ್ರೆ ಸೊನ್ನೆ ಹಾಕ್ತಿದ್ದೆ ಅಂದ್ರು. 2017ರ ಫೆಬ್ರವರಿಲಿ ಸುಪ್ರೀಂ ಕೋರ್ಟು ಕುನ್ಹಾ ತೀರ್ಪೇ ಸರಿ ಅಂತು, ಆದ್ರೆ ಅಷ್ಟೊತ್ತಿಗೆ ಜಯಲಲಿತಾ ತೀರ್ಕೊಂಡು ಎರಡು ತಿಂಗ್ಳಾಗಿತ್ತು. ಅದೇ ಕೇಸಲ್ಲಿದ್ದ ಅವರ ಗೆಳತಿ ಶಶಿಕಲಾ ಬಂದು ಅಗ್ರಹಾರದ ಜೈಲಲ್ಲಿ ಕೂತ್ರು, ಅಲ್ಲಿ ಸ್ಪೆಷಲ್ ಅಡುಗೆಮನೆ ಅದು ಇದು ಅಂತ ರಿಪೋರ್ಟ್ ಬರೆದ ಡಿಐಜಿ ರೂಪಾಗೆ ಟ್ರಾನ್ಸ್‌ಫರ್ ಸಿಕ್ತು.

ಕಡಲತಡಿ
ರಿಪೋರ್ಟ್ ಬರೆದವರಿಗೆ ವರ್ಗಾವಣೆ ಮಾತ್ರ ಕೂಡ್ಲೇ ಜಾರಿ ಆಗ್ತದೆ, ಅದಕ್ಕೆ ಅಪೀಲು ಸ್ಟೇ ಎಂತದೂ ಇಲ್ಲ.

ಎಲೆಅಡಿಕೆ
ಆದ್ರೂ ಇಷ್ಟ್ ನಿರಾಸೆ ಬೇಡ ಅನ್ಸುತ್ತೆ ನಂಗೆ. ಪ್ರಜ್ವಲ್ ರೇವಣ್ಣ ಕೇಸ್ ಮರೆತ್ರಾ? ಮಾಜಿ ಪ್ರಧಾನಿ ಮೊಮ್ಮಗ, ಸಂಸದ, ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟಲ್ಲಿ 2024ರ ಏಪ್ರಿಲಲ್ಲಿ ಜರ್ಮನಿಗೆ ಹಾರಿದ್ದು, ಮೇ 31ಕ್ಕೆ ಬೆಂಗಳೂರಲ್ಲಿ ಇಳಿದಾಗ ಅರೆಸ್ಟು. 2025ರ ಆಗಸ್ಟ್ 2ಕ್ಕೆ ಒಂದು ಅತ್ಯಾಚಾರ ಕೇಸಲ್ಲಿ ಜೀವಾವಧಿ. ಮನೆಗೆಲಸ ಮಾಡ್ತಿದ್ದ ಹೆಣ್ಮಗಳು ದೂರು ಕೊಟ್ಟಿದ್ದು, ಹಿಂದೆ ಸರೀಲಿಲ್ಲ. ನಾವು ಹಾಸನದೋರು, ಆ ಮನೆ ಮುಂದೆ ಜೋರಾಗಿ ಹಾರ್ನ್ ಹೊಡೆಯೋಕೂ ಹೆದರ್ತಿದ್ವಿ. ಒಂದೂಕಾಲು ವರ್ಷದಲ್ಲಿ ತೀರ್ಪು ಬರೋಕೆ ಸಾಧ್ಯ ಅಂತ ಆಯ್ತಲ್ಲ.

ಪೇಡೆನಗರ
ಅದ ಪ್ರಶ್ನೆ ನಂದು. ಅಲ್ಲಿ ಆಗೂದು ಇಲ್ಲಿ ಯಾಕ ಆಗಂಗಿಲ್ಲ?

ಎಲೆಅಡಿಕೆ
ನಂಗನ್ಸೋದು, ಅಲ್ಲಿ ಸಾಕ್ಷಿ ಒಂದು ಸೀರೆ, ಒಂದು ಫೋನು, ಒಬ್ಬ ಹೆಣ್ಮಗಳ ಮಾತು. ಅದನ್ನ ಯಾವ ಇಲಾಖೆನೂ ಫೈಲಲ್ಲಿ ಮುಚ್ಚಿಡೋಕಾಗ್ಲಿಲ್ಲ. ಆ ಟೈಮಿಗೆ ಅಧಿಕಾರದಲ್ಲಿದ್ದೋರು ಬೇರೆ ಪಾರ್ಟಿ ಅನ್ನೋದೂ ಇದೆ, ಇಲ್ಲ ಅನ್ನಲ್ಲ. ಗಣಿ ಕೇಸಲ್ಲಿ ಲೋಕಾಯುಕ್ತದವರು ನೂರಾರು ಅಧಿಕಾರಿಗಳ ಹೆಸ್ರು ಬರ್ದಿದ್ರು. ಅಷ್ಟು ಜನರಲ್ಲಿ ಯಾರು ಯಾರ ಮೇಲೆ ಸಾಕ್ಷಿ ಹೇಳ್ತಾರೆ? ಎಲ್ರ ಕೈಯೂ ಕೆಂಪು.

ನಿರ್ವಾಹಕ
ಮೂರು ಕಾಮೆಂಟ್ ಡಿಲೀಟ್ ಮಾಡಿದೀನಿ. ಜಾತಿ ಎಳೀಬೇಡಿ, ದೂರು ಕೊಟ್ಟವರ ಬಗ್ಗೆ ಹೆಸ್ರು ವಿಳಾಸ ಏನೂ ಹಾಕ್ಬೇಡಿ. ಮುಂದುವರೀರಿ.

ಗಂಗಾವತಿ_ಭತ್ತ
ಕೆಂಪುಮಣ್ಣು, ನಿಮ್ಮಪ್ಪ ಯಾಕೆ ಅಷ್ಟು ಕಾದಿದ್ರು ಆ ತೀರ್ಪಿಗೆ? ಗಣಿ ಕೆಲ್ಸದಲ್ಲಿದ್ರಾ?

ಕೆಂಪುಮಣ್ಣು_ಹೊಸಪೇಟೆ
ಹೇಳ್ಬಾರ್ದು ಅನ್ಕೊಂಡಿದ್ದೆ, ಕೇಳಿದ್ರಲ್ಲ ಅಂತ ಹೇಳ್ತೀನಿ. ಅಪ್ಪಂದು ಒಂದು ಲಾರಿ ಇತ್ತು, ಫೈನಾನ್ಸ್‌ನಲ್ಲಿ ತಗೊಂಡಿದ್ದು, ಹತ್ತು ಚಕ್ರದ್ದು. ಊರಲ್ಲಿ ಎಲ್ರೂ ಅದಿರು ಹೊಡೀತಿದ್ರು, ಅವನೂ ಹೊಡೆದ. ಪರ್ಮಿಟ್ ಚೀಟಿ ಏಜೆಂಟ್ ಕೊಡ್ತಿದ್ದ, ಅದು ಅಸಲೋ ನಕಲೋ ಅಪ್ಪಂಗೆ ಓದೋಕೆ ಬರಲ್ಲ. 2010ರಲ್ಲಿ ಎಲ್ಲ ಕಡೆ ಗದ್ದಲ ಶುರುವಾದಾಗ ರಾತ್ರಿ ಚೆಕ್‌ಪೋಸ್ಟಲ್ಲಿ ಹಿಡಿದ್ರು, ಚೀಟಿ ನಕಲು, ಓವರ್‌ಲೋಡು, ಲಾರಿ ಸೀಜ್. ಅಪ್ಪ ಹನ್ನೊಂದು ದಿನ ಒಳಗಿದ್ದ. ಚೀಟಿ ಕೊಟ್ಟ ಏಜೆಂಟು ಕೇಸಲ್ಲೇ ಇಲ್ಲ. ಫೈನಾನ್ಸ್‌ನೋರು ಬಿಡ್ತಾರಾ, ಅವ್ವನ ಸರ, ಆಮೇಲೆ ಎರಡೆಕ್ರೆ. ನನ್ನ ಡಿಪ್ಲೊಮಾ ಅರ್ಧಕ್ಕೇ ನಿಲ್ತು. ಇವತ್ತಿಗೂ ಆ ಕೇಸು ನಡೀತಾ ಐತೆ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಡೇಟು, ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಬಸ್ಸಲ್ಲಿ ಹೋಗ್ತಾನೆ, ಹೆಸ್ರು ಕೂಗ್ತಾರೆ, ಕೈ ಮುಗೀತಾನೆ, ಮುಂದಿನ ಡೇಟು. ಒಂದ್ಸಲ ಜ್ವರ ಬಂದು ಹೋಗ್ಲಿಲ್ಲ, ವಾರಂಟ್ ಬಂತು ಮನೆಗೆ. ಆ ವಾರಂಟ್ ತಂದ ಪೊಲೀಸ್ನೋನಿಗೆ ಅವ್ವ ಮಜ್ಜಿಗೆ ಕೊಟ್ಳು.

ಅಪ್ಪ ತಪ್ಪೇ ಮಾಡಿಲ್ಲ ಅಂತ ನಾನು ಹೇಳಲ್ಲ. ದುಡ್ಡು ಆಸೆಗೇ ಹೊಡೆದ. ಆದ್ರೆ ಕೋರ್ಟ್ ಲೇಟ್ ಆಗೋದು ಇಬ್ರಿಗೂ ಒಂದೇನಾ? ಲೇಟ್ ಆದಷ್ಟೂ ಅವ್ರು ಎಲೆಕ್ಷನ್ ಗೆದ್ರು, ಪಾರ್ಟಿ ಕಟ್ಟಿದ್ರು, ಪಾರ್ಟಿ ಬಿಟ್ರು, ಮದ್ವೆ ಮಾಡಿದ್ರು. ಲೇಟ್ ಆದಷ್ಟೂ ನಮ್ದು ಒಂದೊಂದೇ ಹೋಯ್ತು.

ಗಂಗಾವತಿ_ಭತ್ತ
ಗೊತ್ತಿರ್ಲಿಲ್ಲ ತಮ್ಮ. ನಾನು ಬರ್ದಿದ್ದಕ್ಕೆ ಬೇಜಾರಾಗ್ಬೇಡ.

ಕರಿಕೋಟು
ಕೆಂಪುಮಣ್ಣು, ಕೇಸ್ ನಂಬರ್ ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿ. ಮೊದ್ಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ಆದಾಯ ಕಮ್ಮಿ ಇದ್ರೆ ವಕೀಲರನ್ನ ಅವರೇ ಕೊಡ್ತಾರೆ, ಫೀಸಿಲ್ಲ. ಇಷ್ಟು ವರ್ಷ ಸಾಕ್ಷಿನೇ ಆಗಿಲ್ಲ ಅಂದ್ರೆ ವಿಳಂಬದ ಮೇಲೆ ಕೇಸ್ ರದ್ದು ಕೋರಿ ಹೈಕೋರ್ಟಿಗೆ ಹೋಗ್ಬಹುದು, ನಿಮ್ಗೆ ಹೈಕೋರ್ಟ್ ಅಂದ್ರೆ ಧಾರವಾಡ ಪೀಠ. ದೊಡ್ಡೋರು ಹತ್ತುವ ಮೆಟ್ಲೇ ಅದು, ಒಂದ್ಸಲ ನೀವೂ ಹತ್ತಿ ನೋಡಿ. ಲಾರಿ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಿದ್ರಾ ಆವಾಗ?

ಕೆಂಪುಮಣ್ಣು_ಹೊಸಪೇಟೆ
ಹಾಕಿದ್ವಿ ಸರ್, ಶೂರಿಟಿ ಬಾಂಡ್ ಜಾಸ್ತಿ ಕೇಳಿದ್ರು, ಕೊಡೋಕಾಗ್ಲಿಲ್ಲ. ಲಾರಿ ಅಲ್ಲೇ ಯಾರ್ಡಲ್ಲಿ ಐತೆ. ಹೋದ ತಿಂಗಳು ಡೇಟಿಗೆ ನಾನೂ ಜೊತೆಗೆ ಹೋಗಿದ್ದೆ, ವಾಪಸ್ ಬರ್ತಾ ನೋಡ್ಕೊಂಡು ಬಂದ್ವಿ. ಟೈರು ಒಂದೂ ಇಲ್ಲ, ಬ್ಯಾಟರಿ ಇಲ್ಲ, ಕ್ಯಾಬಿನ್ನಲ್ಲಿ ಜಾಲಿ ಗಿಡ ಬೆಳೆದು ಕಿಟಕಿಯಿಂದ ಹೊರಗೆ ಬಂದೈತೆ. ಹಿಂದುಗಡೆ ಬಾಡಿಲಿ ಅವತ್ತಿನ ಅದಿರು ಇನ್ನೂ ಐತೆ ಸರ್, ಸ್ವಲ್ಪ, ಮೂಲೇಲಿ. ಅಪ್ಪ ಒಂದು ಹಿಡಿ ತಗೊಂಡು ನೋಡಿ ಅಲ್ಲೇ ಹಾಕಿದ, ಮುಟ್ಬಾರ್ದು ಜಪ್ತಿ ಮಾಲು ಅಂದ.

ನಿಮ್ಗೆ ಮೆಸೇಜ್ ಕಳಿಸಿದೀನಿ, ನೋಡ್ರಿ.